ಎರಡನೇ ಮಹಡಿಯ ಇರುವೆಗಳು

ಕಳೆದ ವರ್ಷ ಜುಲೈಯಲ್ಲಿ, ಮಳೆ ಬಂದ ವಾರ ಶುರುವಾದದ್ದು ಇದು. ಪ್ರಾಣಿಶಾಸ್ತ್ರ ಓದಿದವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಅಡುಗೆಮನೆಯಲ್ಲಿ ಹಲ್ಲಿ ಬಿದ್ದರೂ ನಮಗೇ ಕರೆ, ಬಾಲ್ಕನಿಯಲ್ಲಿ ಪಾರಿವಾಳ ಮೊಟ್ಟೆ ಇಟ್ಟರೂ ನಮಗೇ ಕರೆ. ಬೇರೆ ಕಾರಣಕ್ಕೆ ನನ್ನನ್ನು ಕರೆಯುವವರು ಈ ಊರಿನಲ್ಲಿ ಕಡಿಮೆ. ಹಾಗಾಗಿ ನಾನು ಬೇಸರಪಡುವುದಿಲ್ಲ.

ನಾನಿರುವುದು ದೆಹಲಿ ಪಕ್ಕದ ಫರೀದಾಬಾದಿನಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಕೆಲಸ ಬಿಸ್ಕತ್ತು ಕಾರ್ಖಾನೆಯ ಪ್ರಯೋಗಾಲಯದಲ್ಲಿ: ಹಿಟ್ಟಿನಲ್ಲಿ ಹುಳುಗಳಿವೆಯೇ ಎಂದು ನೋಡಿ ಎಣಿಸುವುದು. ಕೆಳಗಿನ ಮನೆಯಲ್ಲಿ ಒಂದು ಕನ್ನಡ ಸಂಸಾರವಿದೆ. ಯಜಮಾನರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅವರ ಹೆಂಡತಿಗೆ ದೆಹಲಿಯ ಚಾಣಕ್ಯಪುರಿಯಲ್ಲಿ ಕೆಲಸ; ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಗಳಿಗೆ ಆರು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಭಾನುವಾರ ಅವರು ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಎದುರಿಗೆ ಕೂತವರ ಜೊತೆ ನಾನು ಕನ್ನಡ ಮಾತಾಡುತ್ತಿದ್ದದ್ದು ವಾರದಲ್ಲಿ ಆ ಎರಡು ಗಂಟೆ ಮಾತ್ರ.

೧. ಕೊಟೇಷನ್

ಮಗು ನಾಯಿ ಬೇಕೆಂದು ಅತ್ತಿತು. ನಾಯಿ ಸಾಧ್ಯವಿಲ್ಲ, ಇರುವೆ ಸಾಕುವ ಪೆಟ್ಟಿಗೆ ತರೋಣ ಎಂದು ಅಕ್ಕ ತೀರ್ಮಾನಿಸಿದರು. ನೀನು ಸೈನ್ಸ್ ಓದಿದವಳು, ನೀನೇ ಆರಿಸಿಕೊಡು ಎಂದರು.

ನಾಲ್ಕು ಸಂಜೆ ಕೂತು ಏಳು ಪೆಟ್ಟಿಗೆಗಳನ್ನು ಹೋಲಿಸಿ ಪಟ್ಟಿ ಮಾಡಿದೆ. ಒಳಗೆ ಮರಳೋ, ಜೆಲ್ಲೋ, ಪ್ಲಾಸ್ಟರೋ. ಮುಚ್ಚಳ ಎಷ್ಟು ಬಿಗಿ. ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆಯೇ. ಒಟ್ಟು ಹನ್ನೊಂದು ಕಾಲಂ. ತೇವ ಹಿಡಿದಿಡುವ ಪ್ಲಾಸ್ಟರ್ ಪೆಟ್ಟಿಗೆಗೆ ಮೊದಲ ಸ್ಥಾನ ಕೊಟ್ಟೆ.

ಯಜಮಾನರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕೊನೆಯವರೆಗೂ ಓದಿದರು. ನಾನು ಮಾಡಿದ ಪಟ್ಟಿಯನ್ನು ಹಾಗೆ ಓದಿದವರು ಅವರೊಬ್ಬರೇ. ಮೂರು ಕೊಟೇಷನ್ ಸಾಕಿತ್ತಲ್ಲಮ್ಮ ಎಂದರು. ಕೆಳಗೆ ತಾರೀಖು ಹಾಕಿ ಸಹಿ ಮಾಡಿದರು. ಆಮೇಲೆ ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿದರು. ನನ್ನ ಪಟ್ಟಿಯಲ್ಲಿ ಅದು ಏಳನೆಯದು.

“ಕಡಿಮೆ ದರದ್ದು ಬಿಟ್ಟು ಬೇರೆ ತಗೊಂಡರೆ ಕಾರಣ ಬರೀಬೇಕಾಗುತ್ತೆ,” ಎಂದರು.

ಯಾರಿಗೆ ಬರೀಬೇಕು ಸರ್ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಫೈಲಿಗೆ.”

೨. ಖಾಲಿ ಪೆಟ್ಟಿಗೆ

ಪೆಟ್ಟಿಗೆ ಬಂತು. ಎರಡು ಪಾರದರ್ಶಕ ಹಲಗೆ, ಒಂದು ಪೊಟ್ಟಣ ಮರಳು, ನೀರು ಬಿಡಲು ಒಂದು ಡ್ರಾಪರ್. ಇರುವೆ ಇರಲಿಲ್ಲ. ನನ್ನ ಹನ್ನೊಂದು ಕಾಲಂಗಳಲ್ಲಿ ಇರುವೆಗೆ ಕಾಲಂ ಇರಲಿಲ್ಲ.

ಮಗು ಎರಡು ದಿನ ಅದರ ಮುಂದೆ ಕೂತಿತ್ತು. ಮೂರನೆಯ ದಿನ, “ದೀದಿ, ಸಬ್ ಸೋ ರಹೇ ಹೈಂ ಕ್ಯಾ?” ಎಂದು ಮೆಲ್ಲಗೆ ಕೇಳಿತು. ಮಲಗಿಲ್ಲ, ಒಳಗೆ ಯಾರೂ ಇಲ್ಲ ಎಂದೆ. ಮಗು ನನ್ನ ಜೊತೆ ಮಾತು ಬಿಟ್ಟಿತು. ಆ ಭಾನುವಾರ ಊಟಕ್ಕೆ ಕರೆ ಬರಲಿಲ್ಲ. ಗುರುಗ್ರಾಮದ ನೆಂಟರ ಮನೆಗೆ ಹೋಗಿದ್ದೆವು ಎಂದು ಅಕ್ಕ ಆಮೇಲೆ ಹೇಳಿದರು. ನಿಜವೇ ಇರಬಹುದು. ನಾನು ಮೇಲೆ ಮೊಸರನ್ನ ತಿಂದು, ಮುಂದಿನ ಭಾನುವಾರದೊಳಗೆ ಇರುವೆ ತರಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಂಡೆ.

ಮೊದಲು ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ಇರುವೆ ವಿಷಯವಾಗಿ ಬಂದಿದ್ದೇನೆ ಎಂದ ಕೂಡಲೇ ಅಂಗಡಿಯ ಭಯ್ಯಾ ಎದ್ದುನಿಂತ. ಬೆಳಗಿನಿಂದ ಕಾಯುತ್ತಿದ್ದೇನೆ ಮೇಡಂ ಎಂದು ಒಳಗೆ ಕರೆದೊಯ್ದು, ಹಕ್ಕಿಕಾಳಿನ ಡಬ್ಬದ ಹಿಂದಿನ ಇರುವೆ ಸಾಲು ತೋರಿಸಿದ. ನನ್ನನ್ನು ಇರುವೆ ಔಷಧಿ ಹೊಡೆಯುವವಳು ಎಂದುಕೊಂಡಿದ್ದ. ಅವು ಪೆಟ್ಟಿಗೆಯ ಗಾಳಿತೂತಿನಲ್ಲಿ ಹೊರಬರುವಷ್ಟು ಸಣ್ಣವು. ಇವು ತೀರಾ ಚಿಕ್ಕವು, ನನಗೆ ಆಗುವುದಿಲ್ಲ ಎಂದೆ.

ಭಯ್ಯಾ ಕಂಗಾಲಾದ. ದೊಡ್ಡದಾಗುವವರೆಗೆ ಇವನ್ನು ತಾನೇ ಸಾಕಬೇಕೇ ಎಂದು ಕೇಳಿದ.

೩. ಮಡಿಲಕ್ಕಿ

ಶನಿವಾರ ಬೆಳಿಗ್ಗೆ ಪಾರ್ಕಿಗೆ ಹೋದೆ. ಕೈಯಲ್ಲಿ ಒಂದು ಟೆಸ್ಟ್ ಟ್ಯೂಬ್, ಒಂದು ಬ್ರಷ್. ಅರಳಿ ಮರದ ಬುಡದಲ್ಲಿ ಗೊದ್ದಗಳಿದ್ದವು, ಅಂದರೆ ದೊಡ್ಡ ಕಪ್ಪಿರುವೆ. ನಾಲ್ಕು ಹಿಡಿಯುವಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಭುಜ ಹಿಡಿದರು.

ವಯಸ್ಸಾದ ಒಬ್ಬ ಅಮ್ಮಾಜಿ. ಪ್ರತಿ ಶನಿವಾರ ಆ ಇರುವೆಗಳಿಗೆ ಹಿಟ್ಟು ಸಕ್ಕರೆ ಹಾಕುವುದು ಅವರ ವ್ರತ. ನಾನು ಎರಡು ವರ್ಷದಿಂದ ಸಾಕಿದವನ್ನು ನೀನು ಕದಿಯುತ್ತಿದ್ದೀಯಾ ಎಂದರು. ಮಗುವಿನ ವಿಷಯ ಹೇಳಿದೆ. ಸ್ವಲ್ಪ ಮೆತ್ತಗಾದರು. ಆಮೇಲೆ ವಿಚಾರಣೆ ಶುರುವಾಯಿತು. ಯಾವ ಊರಿನವರು, ಮನೆಯಲ್ಲಿ ಎಷ್ಟು ಜನ, ಗಂಡಸರಿಗೆ ಸರ್ಕಾರಿ ಕೆಲಸವೇ? ಸರ್ಕಾರಿ ಕೆಲಸ ಎಂದಾಗ ಮುಖ ಅರಳಿತು. ಮಾಂಸ ತಿನ್ನುತ್ತಾರೆಯೇ ಎಂದರು. ಗೊದ್ದಕ್ಕೆ ಸತ್ತ ನೊಣವೆಂದರೆ ಪ್ರಾಣ. ಶುದ್ಧ ಸಸ್ಯಾಹಾರಿ ಮನೆ ಎಂದೆ. ಮನೆಯವರ ಮಟ್ಟಿಗೆ ಅದು ನಿಜ.

ಅಮ್ಮಾಜಿ ತಾವೇ ಕೂತು ಆರಿಸಿಕೊಟ್ಟರು. ಕುಂಟುವುದು ಬೇಡ, ಇದು ಜಗಳಗಂಟಿ, ಇದು ಒಳ್ಳೆಯದು. ಇಪ್ಪತ್ತೈದಾಯಿತು. ಕೆಲಸದ ಇರುವೆಗಳೆಲ್ಲ ಹೆಣ್ಣೇ ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಅವರ ಕಣ್ಣು ಒದ್ದೆಯಾಯಿತು. ನಮ್ಮೂರಿನಲ್ಲಾದರೆ ಮಗಳನ್ನು ಕಳಿಸುವಾಗ ಮಡಿಲಕ್ಕಿ ತುಂಬುತ್ತಾರೆ. ಅವರು ಉಳಿದ ಹಿಟ್ಟು ಸಕ್ಕರೆಯನ್ನೆಲ್ಲ ನನ್ನ ದುಪಟ್ಟಾದ ಸೆರಗಿಗೆ ಸುರಿದರು. ಹಬ್ಬಕ್ಕೆ ಇವರನ್ನು ಕಳಿಸಿಕೊಡು ಎಂದರು.

೪. ತಾಯಿ

ಮೊದಲ ದಿನ ಎರಡು ಸತ್ತವು. ಉಳಿದ ಇಪ್ಪತ್ತಮೂರು ಮರಳಿನಲ್ಲಿ ಸುರಂಗ ತೋಡಿದವು. ಮಗು ಮಾತು ಶುರುಮಾಡಿತು. ನಾನು ದಿನಾ ಸಂಜೆ ಕೆಳಗಿಳಿದು ನೀರಿನ ಹನಿ ಬಿಡತೊಡಗಿದೆ.

ಒಂದು ಸಂಜೆ, ಇವುಗಳ ಮಮ್ಮಿ ಎಲ್ಲಿ ಎಂದು ಮಗು ಕೇಳಿತು. ರಾಣಿ ಇರುವೆ ಮರದ ಬುಡದಲ್ಲೇ ಉಳಿದಿದ್ದಾಳೆ, ಬರುವುದಿಲ್ಲ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆಫೀಸಿಗೆ ಹೋಗಿದ್ದಾಳೆ ಎಂದೆ.

“ಅಚ್ಛಾ,” ಎಂದಿತು ಮಗು. ಪೆಟ್ಟಿಗೆಗೆ ಬಾಯಿ ಹಚ್ಚಿ ಅವುಗಳಿಗೂ ಹೇಳಿತು: ಮೆಟ್ರೋದಲ್ಲಿ ರಶ್ ಇರುತ್ತೆ, ಬಾಗಿಲು ಯಾರಿಗೂ ತೆಗೀಬೇಡಿ, ಫ್ರಿಜ್ಜಿನಲ್ಲಿ ಹಾಲಿದೆ.

೫. ಒಂದು ಹೆಚ್ಚು

ಆಗಸ್ಟಿನಲ್ಲಿ ಶಾಲೆಯಿಂದ ಚೀಟಿ ಬಂತು. ‘ನನ್ನ ಕುಟುಂಬ’ ಎಂಬ ಚಾರ್ಟಿನಲ್ಲಿ ಮಗು ಒಟ್ಟು ಸದಸ್ಯರು ಇಪ್ಪತ್ತೇಳು ಎಂದು ಬರೆದಿದೆ, ಪೋಷಕರು ಪರಿಶೀಲಿಸಬೇಕು ಎಂದು.

ಯಜಮಾನರು ನನ್ನನ್ನು ಕೆಳಗೆ ಕರೆಸಿದರು. ಇರುವೆಯನ್ನು ಸೇರಿಸಿದ್ದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ. ನಾವು ಮೂವರು, ಇರುವೆ ಇಪ್ಪತ್ತಮೂರು, ಕೂಡಿದರೆ ಇಪ್ಪತ್ತಾರು. ಇನ್ನೊಂದು ಎಲ್ಲಿಂದ ಬಂತು?

ಎಣಿಸುವುದು ನನ್ನ ವೃತ್ತಿ. ಪೆಟ್ಟಿಗೆಯ ಹಿಂದೆ ಚೌಕ ಗೆರೆಯ ಕಾಗದ ಹಿಡಿದು ಎಣಿಸಿದೆ. ಇಪ್ಪತ್ತಮೂರು. ಮತ್ತೆ ಎಣಿಸಿದೆ. ಅಷ್ಟೇ. ಮರಳಿನಡಿ ಒಂದು ಅಡಗಿರಬಹುದು ಎಂದು ಟಾರ್ಚ್ ಬಿಟ್ಟು ನೋಡಿದೆ. ಕದ್ದು ಒಳಗೆ ಬಂದದ್ದೇನಾದರೂ ಇದೆಯೇ ಎಂದು ಯಜಮಾನರು ಮುಚ್ಚಳ ಪರೀಕ್ಷಿಸಿದರು. ಅಕ್ಕ ಮಾತ್ರ ನಮ್ಮಿಬ್ಬರನ್ನೂ ನೋಡುತ್ತ ಬೀನ್ಸ್ ಹೆಚ್ಚುತ್ತಿದ್ದರು.

ಮಗುವಿಗೆ ನಮ್ಮನ್ನು ನೋಡಿ ಸಾಕಾಯಿತು. ಬಂದು ಬೆರಳು ಮಡಚಿ ತೋರಿಸಿತು.

“ಪಾಪಾ ಏಕ್, ಮಮ್ಮಿ ದೋ, ಮೈಂ ತೀನ್, ದೀದಿ ಚಾರ್. ಫಿರ್ ಇರುವೆ.”

ಯಜಮಾನರು ಪೆನ್ನು ತೆಗೆದು ಶಾಲೆಯ ಚೀಟಿಯ ಕೆಳಗೆ, ಪರಿಶೀಲಿಸಲಾಗಿದೆ, ತಿದ್ದುಪಡಿಯ ಅಗತ್ಯವಿಲ್ಲ ಎಂದು ಬರೆದು ತಾರೀಖು ಹಾಕಿದರು.

ಮೇಲೆ ಬಂದು ನಾನೂ ಒಮ್ಮೆ ಕಾಗದದ ಮೇಲೆ ಕೂಡಿ ನೋಡಿದೆ. ಇಪ್ಪತ್ತೇಳು.