ಬೀಸುವ ಕಲ್ಲಿನಲ್ಲಿ ಇಟ್ಟ ನೆನಪು

ನನಗೆ ಮರೆವು ಅನ್ನುವುದೇ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಹೋದ ವರ್ಷದವರೆಗೂ ಇತ್ತು.

ಓದು ನನಗೆ ಆರನೇ ಕ್ಲಾಸಿಗೇ ಸಾಕಾಯಿತು. ಮೇಷ್ಟರಿಗೆ ನಾನು ಅದಕ್ಕೂ ಮುಂಚೆಯೇ ಸಾಕಾಗಿದ್ದೆ. ಆಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಸೀಮೆ ಹಸು, ಎಲ್ಲವನ್ನೂ ಈ ಎರಡು ಕೈಯಲ್ಲೇ ಮಾಡಿದೆ. ಒಂದು ದಿನವೂ ಒಂದು ಚೀಟಿ ಬರೆದವನಲ್ಲ. ಹುಳುವಿನ ಮೊಟ್ಟೆ ತಂದಿದ್ದು ಯಾವತ್ತು, ಗೊಬ್ಬರ ಹಾಕಿದ್ದು ಯಾವ ಸಾಲಿಗೆ, ಎಲ್ಲಾ ತಲೆಯಲ್ಲೇ! "ಬರ್ಕೊಳ್ಳೋನು ಮರೆಯೋನು" ಅನ್ನುವುದು ನನ್ನ ಸಿದ್ಧಾಂತವಾಗಿತ್ತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಪೆನ್ನು ಹುಡುಕುವವರನ್ನು ಕಂಡರೆ ನನಗೆ ಕನಿಕರ.

ಈ ಕನಿಕರಕ್ಕೆ ಮೊದಲ ಪೆಟ್ಟು ಬಿದ್ದದ್ದು ಬೈರಾಪಟ್ಟಣದ ಒಂದು ಬೀಗರ ಊಟದಲ್ಲಿ. ಪಕ್ಕದ ಎಲೆಯಲ್ಲಿ ಕೂತಿದ್ದವರ ಜೊತೆ ಬಹಳ ಹೊತ್ತು ಮಾತಾಡಿದೆ. ಮಳೆ, ಹುಳು, ತೋಟಕ್ಕೆ ನುಗ್ಗುವ ಆನೆ, ಯಾವುದನ್ನೂ ಬಿಡಲಿಲ್ಲ. ಬಲು ಒಳ್ಳೆಯ ಮನುಷ್ಯ ಅನ್ನಿಸಿತು. ಮರ್ಯಾದೆಯಾಗಿ ಕೇಳಿದೆ:

"ತಮ್ದು ಯಾವೂರಾಯ್ತು ಸ್ವಾಮಿ?"

ಅವರ ಕೈಯಲ್ಲಿದ್ದ ಮುದ್ದೆ ಬಾಯಿಯ ಹತ್ತಿರಕ್ಕೆ ಬಂದು ನಿಂತುಬಿಟ್ಟಿತು. ಅವರು ನನ್ನ ಷಡ್ಕ! ನನ್ನ ನಾದಿನಿಯ ಗಂಡ! ತಿರುಪತಿಗೆ ಹೋಗಿ ತಲೆ, ಮೀಸೆ ಎರಡನ್ನೂ ಕೊಟ್ಟು ಬಂದಿದ್ದರು, ಅದಕ್ಕೇ ಗುರುತು ಸಿಗಲಿಲ್ಲ ಎಂಬ ನನ್ನ ವಾದವನ್ನು ಯಾರೂ ಪುರಸ್ಕರಿಸಲಿಲ್ಲ. ಷಡ್ಕ ಮಜ್ಜಿಗೆಗೂ ಕಾಯದೆ ಎದ್ದು ಹೋದರು.

"ಸ್ವಂತ ಷಡ್ಕನ್ನ ಯಾವೂರು ಅಂದ್ರಲ್ಲ! ನಾಳೆ ನನ್ನೂ ನೀನ್ಯಾರು ಅಂತೀರಾ?" ಅಂದಳು ಜಯಮ್ಮ.

ಜಯಮ್ಮ ನನ್ನ ಹೆಂಡತಿ. ಇದನ್ನು ಮರೆತಿಲ್ಲ.

ಆದರೆ ಅವಳು ಸಿಟ್ಟಿಗೆ ಅಂದ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ತಾತ ಕಡೆಗಾಲದಲ್ಲಿ, ತಾನು ಯಾವ ಕಾಲದಲ್ಲೋ ಸಾಕಿದ ಕುರಿಗಳ ಬಣ್ಣ, ಕಿವಿ, ಕೊಂಬಿನ ಗುರುತನ್ನೆಲ್ಲ ಹೇಳುತ್ತಿದ್ದ. ತುತ್ತು ಮಾಡಿ ಉಣ್ಣಿಸುತ್ತಿದ್ದ ನಮ್ಮಪ್ಪನ ಮುಖ ನೋಡಿ "ಇವನ್ಯಾರ್ಲಾ?" ಅನ್ನುತ್ತಿದ್ದ. ಹುಡುಗರಾಗಿದ್ದ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಮ್ಮಪ್ಪ ನಗುತ್ತಿರಲಿಲ್ಲ. ಅವನು ಯಾಕೆ ನಗುತ್ತಿರಲಿಲ್ಲ ಅನ್ನುವುದು ನನಗೆ ಈಗ ಹೊಳೆಯಿತು.

ಅಂದಿನಿಂದ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಸೊಪ್ಪು ಕೊಯ್ಯುತ್ತಾ ಚಿಕ್ಕಪ್ಪನ ಮಕ್ಕಳ ಹೆಸರೆಲ್ಲ ಹೇಳಿಕೊಳ್ಳುವುದು, ಒಬ್ಬ ತಪ್ಪಿದರೆ ಕುಡುಗೋಲು ಹಿಡಿದು ಹಾಗೇ ಬೆವರುವುದು. ಮನೆಯ ಜಗಲಿ ಮೇಲೆ ಎಂಬತ್ತು ದಾಟಿದ ನಮ್ಮವ್ವ ಎಲೆ ಅಡಿಕೆ ಕುಟ್ಟುತ್ತಾ, ನನ್ನ ಮದುವೆಯಲ್ಲಿ ಯಾರು ಊಟ ಬಿಟ್ಟು ಎದ್ದು ಹೋದರು, ಯಾಕೆ ಹೋದರು ಅಂತ ನಿನ್ನೆ ನಡೆದ ಹಾಗೆ ಹೇಳುತ್ತಿದ್ದಳು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೆತ್ತ ತಾಯಿಯ ಮೇಲೆ!

ಇಂಥ ಹೊತ್ತಿನಲ್ಲಿ ನಮ್ಮೂರ ಹಾಲಿನ ಡೈರಿ ಮುಂದೆ ಒಂದು ಆರೋಗ್ಯ ಶಿಬಿರವಾಯಿತು. ಎಳೇ ವಯಸ್ಸಿನ ಡಾಕ್ಟರಮ್ಮ ಒಬ್ಬರು, ಮೈಗೆ ಹೇಗೋ ಹಾಗೆ ನೆನಪಿಗೂ ಕಸರತ್ತು ಬೇಕು ಅಂದರು. ಚೆನ್ನಾಗಿ ನಡೀರಿ, ಚೆನ್ನಾಗಿ ನಿದ್ದೆ ಮಾಡಿ, ನಾಲ್ಕು ಜನರ ಜೊತೆ ಬೆರೀರಿ, ಹೊಸದೇನಾದರೂ ಕಲೀರಿ, ತೀರಾ ಭಯವಾದರೆ ಬಂದು ತೋರಿಸಿ ಅಂದರು. ಇದ್ಯಾವುದೂ ನನಗೆ ನಾಟಲಿಲ್ಲ. ನಾಟಿದ್ದು ಕೊನೆಯಲ್ಲಿ ಅವರು ಹೇಳಿದ ಒಂದು ಉಪಾಯ.

"ನಿಮ್ಮ ಮನೇನ ಕಣ್ಣು ಮುಚ್ಚಿ ನೆನೆಸ್ಕೊಳ್ಳಿ. ನೆನಪಿಡಬೇಕಾದ ಒಂದೊಂದು ವಿಷಯಾನೂ ಮನಸ್ಸಿನಲ್ಲೇ ಒಂದೊಂದು ಜಾಗದಲ್ಲಿ ಇಡ್ತಾ ಹೋಗಿ. ಬೇಕಾದಾಗ ಮನಸ್ಸಿನಲ್ಲೇ ಮನೆಯೊಳಗೆ ಓಡಾಡಿದರೆ ಎಲ್ಲಾ ಸಿಗುತ್ತೆ."

ಎಂಥಾ ಉಪಾಯ! ಆದರೆ ನಾನು ಅದರಲ್ಲೊಂದು ಸಣ್ಣ ಸುಧಾರಣೆ ಮಾಡಿದೆ. ಮನಸ್ಸಿನಲ್ಲಿ ಇಡುವುದು ಓದಿದವರ ಕೆಲಸ. ನಾವು ಮೈ ಬಗ್ಗಿಸಿ ದುಡಿಯುವವರು. ಇಡುವುದಾದರೆ ಕೈಯಾರೆ ಇಡಬೇಕು!

ಮಾರನೆಯ ಬೆಳಗ್ಗೆಯಿಂದಲೇ ಯೋಜನೆ ಜಾರಿಗೆ ಬಂತು. ಕಿತ್ತುಹೋದ ಚಪ್ಪಲಿ ಹೊಲಿಸಬೇಕಿತ್ತು, ಅದನ್ನು ಕೋಳಿ ಪಂಜರದ ಮೇಲೆ ಇಟ್ಟೆ. ರಾಗಿ ಮಿಲ್ಲಿಗೆ ಹೋಗಬೇಕಿತ್ತು, ಟಿ.ವಿ. ಮೇಲೆ ಒಂದು ಹಿಡಿ ರಾಗಿ ಸುರಿದೆ. ಹಸುವಿಗೆ ಹಿಂಡಿ ತರಬೇಕಿತ್ತು, ಹಿಂಡಿಯ ಖಾಲಿ ಚೀಲವನ್ನು ಬಚ್ಚಲ ಬಾಗಿಲಿಗೆ ಪರದೆಯಾಗಿ ಕಟ್ಟಿದೆ.

"ಇದೇನ್ರೀ ಮನೆಯೋ, ಸಂತೆಯೋ?" ಅಂದಳು ಜಯಮ್ಮ.

"ಇದು ನನ್ನ ತಲೆ ಕಣೆ. ಮುಟ್ಟಬೇಡ."

"ನಿಮ್ ತಲೆ ನಿಮ್ಮತ್ರ ಇಟ್ಕಳಿ. ಟಿ.ವಿ. ಮ್ಯಾಲೆ ಯಾಕೆ ಇಡ್ತೀರಿ? ಈ ದೊಂಬರಾಟದಲ್ಲಿ ಏನಾದ್ರೂ ಕಳ್ದೋಗ್ಲಿ, ಆವಾಗ ಐತೆ!"

"ಒಂದೇ ಒಂದು ಸಾಮಾನು ಕಳೆದರೆ ಈ ಮೀಸೆ ಬೋಳಿಸ್ತೀನಿ!"

ಮೀಸೆಯ ಮೇಲೆ ಕೈ ಇಟ್ಟು ಆಣೆ ಮಾಡಿದ್ದಾಯಿತು. ಸತ್ಯ ಹೇಳಬೇಕೆಂದರೆ ಯೋಜನೆ ಮೊದಮೊದಲು ಭರ್ಜರಿಯಾಗಿ ನಡೆಯಿತು. ಚಪ್ಪಲಿ ಹೊಲಿಸಿದೆ, ಹಿಂಡಿ ತಂದೆ. ರಾಗಿಯನ್ನು ಮಾತ್ರ ಕೋಳಿ ತಿಂದವು. ಹೆಮ್ಮೆಯಿಂದ ಪಕ್ಕದ ಮನೆಯ ಕೆಂಪಣ್ಣನನ್ನು ಕರೆದು ಎಲ್ಲವನ್ನೂ ತೋರಿಸಿದೆ. ಕೆಂಪಣ್ಣ ನನ್ನ ವಾರಿಗೆಯವನು, ಬಾಲ್ಯದಿಂದ ಜೊತೆಗಾರ. ಸುತ್ತ ನೋಡಿ ಹೇಳಿದ:

"ಲೇ, ಒಳಗಿರ್ಬೇಕಾದ್ದೆಲ್ಲ ಈಚೆ ಬಂದ್ಬುಟ್ಟೈತೆ ಕಣ್ಲಾ. ಈಗ ಒಳಗೇನೈತೆ?"

ಹೊಟ್ಟೆಕಿಚ್ಚಿನ ಜನ!

ಈ ಮಧ್ಯೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಎದ್ದು ಸೊಪ್ಪನ್ನು ಮಳೆ ಸುರಿದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಇನ್ನು ಕೆಲವೇ ದಿನಕ್ಕೆ ಹಣ್ಣಾಗುತ್ತವೆ. ಹಣ್ಣಾದ ಹುಳುವನ್ನು ಆಯ್ದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟಿ, ಆಳಿನುದ್ದ ಇರುತ್ತದೆ. ನಮ್ಮ ಚಂದ್ರಿಕೆಗಳು ಹಿತ್ತಿಲ ಹಳೇ ಹೆಂಚಿನ ಮನೆಯಲ್ಲಿ ಬೀಗದೊಳಗಿದ್ದವು. ಕೆಲವು ಹರಿದಿದ್ದವು. ಹುಳು ಹಣ್ಣಾಗುವುದರೊಳಗೆ ಅವನ್ನು ಕಟ್ಟಬೇಕು ಅನ್ನುವುದು ನೆನಪಿರಲಿ ಅಂತ, ಅಡುಗೆ ಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಬೀಗದ ಕೈಯನ್ನು ತೆಗೆದು ಬೀಸುವ ಕಲ್ಲಿನ ಬಾಯಿಯಲ್ಲಿ ಇಟ್ಟೆ.

ಕಲ್ಲನ್ನು ಕಂಡಾಗಲೆಲ್ಲ 'ಚಂದ್ರಿಕೆ ಕಟ್ಟಬೇಕು' ಅಂತ ಠಣ್ಣನೆ ನೆನಪಾಗುತ್ತಿತ್ತು. ನೆನಪಾಯಿತಲ್ಲ ಅಂತ ಖುಷಿಯಾಗುತ್ತಿತ್ತು. ಆ ಖುಷಿಯಲ್ಲಿ ಹೋಗಿ ಕಾಫಿ ಕುಡಿಯುತ್ತಿದ್ದೆ. ಚಂದ್ರಿಕೆ ಹಾಗೇ ಇದ್ದವು.

ಒಂದು ಬೆಳಗ್ಗೆ ನಾನು ಸೊಪ್ಪಿನ ಹೊರೆ ಹೊತ್ತು ತಂದರೆ ಹುಳು ಮನೆಯಿಂದ ಜಯಮ್ಮ ಕೂಗಿದಳು:

"ಸೊಪ್ಪು ಬ್ಯಾಡ ಕನ್ರೀ! ಹುಳ ಹಣ್ಣಾಗವೆ! ಚಂದ್ರಿಕೆ ತನ್ನಿ, ಬಿರ್ರನೆ!"

ಹುಳು ಹಣ್ಣಾದರೆ ಯಾರಪ್ಪನ ಮಾತೂ ಕೇಳುವುದಿಲ್ಲ. ಮೈ ಗಾಜಿನಂತೆ ಹಳದಿಗೆ ತಿರುಗುತ್ತದೆ. ಮೇವು ಬಿಟ್ಟು, ತಲೆ ಎತ್ತಿ, ಜಾಗ ಹುಡುಕಿಕೊಂಡು ಹೊರಡುತ್ತದೆ. ಚಂದ್ರಿಕೆ ಸಿಗದಿದ್ದರೆ ಸಿಕ್ಕ ಸಿಕ್ಕಲ್ಲಿ ನೂಲು ಬಿಟ್ಟು ಹಾಳು ಮಾಡುತ್ತದೆ. ಅಷ್ಟು ದಿನದ ನಿದ್ದೆ, ಬೆವರು, ಸೊಪ್ಪು ಎಲ್ಲ ಒಂದೇ ಹಗಲಿಗೆ ಮಣ್ಣು! ಆಗಲೇ ಕೇರಿಯ ಹೆಂಗಸರು ಬಂದು ಜಯಮ್ಮನ ಜೊತೆ ಹುಳು ಆಯುತ್ತಿದ್ದರು.

ಓಡಿ ಹೋಗಿ ಕಲ್ಲಿನ ಬಾಯಿಗೆ ಬೆರಳು ಹಾಕಿದೆ.

ಬೀಗದ ಕೈ ಇಲ್ಲ!

ಮೇಲಿನ ಕಲ್ಲನ್ನೇ ಎತ್ತಿ ನೋಡಿದೆ. ಇಲ್ಲ. ಹಾಗಾದರೆ ಕೋಳಿ ಪಂಜರದ ಮೇಲೆ ಇಟ್ಟೆನೋ? ಇಲ್ಲ. ಟಿ.ವಿ. ಹಿಂದೆ? ಬಚ್ಚಲ ಹಂಡೆಯ ಪಕ್ಕ? ಕೊಟ್ಟಿಗೆಯ ಗೋದಲಿಯಲ್ಲಿ? ಹಸುವಿನ ಬಾಯಿಯನ್ನೂ ತೆರೆಸಿ ನೋಡಿದೆ. ಹಸು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ. ಕಲ್ಲಿನಲ್ಲಿ ಇಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಅಲ್ಲಿ ಇಲ್ಲ. ಅಂದರೆ ನಡೆಯದೇ ಇದ್ದದ್ದು ನನಗೆ ನಡೆದ ಹಾಗೆ ತೋರುತ್ತಿದೆ!

ಜಯಮ್ಮನನ್ನು ಕೇಳಬಹುದಿತ್ತು. ಕೇಳಿದರೆ ಮೀಸೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನ ಮುಖವನ್ನು ನಮ್ಮಪ್ಪ ತಾತನ ಮುಖ ನೋಡಿದ ಹಾಗೆ ನೋಡಿಬಿಟ್ಟರೆ?

ಜಗಲಿಯಿಂದ ಅವ್ವ ಕೇಳಿದಳು: "ಏನ್ಲಾ ಮಗಾ ಹುಡುಕ್ತಿದ್ದೀಯೆ?"

"ಏನಿಲ್ಲವ್ವ."

"ಬೀಗದ ಕೈ ಆದ್ರೆ..."

"ಏನಿಲ್ಲ ಅಂದ್ನಲ್ಲವ್ವಾ! ಸುಮ್ನೆ ಎಲೆ ಅಡಿಕೆ ಹಾಕ್ಕೊ!"

ಅವ್ವ ಬಾಯಿ ಮುಚ್ಚಿದಳು. ಅವಳ ಆಯುಷ್ಯದಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ ಸಲ. ನನ್ನ ಗ್ರಹಚಾರ!

ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ಕೆಂಪಣ್ಣನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಗುಟ್ಟಾಗಿ ಹೇಳಿದೆ.

"ಬೀಗ ಒಡ್ದಾಕು ಅತ್ಲಾಗಿ" ಅಂದ.

"ಒಡೆದರೆ ಅವಳಿಗೆ ಗೊತ್ತಾಗ್ತದೆ ಕಣ್ಲಾ. ಹೆಂಚು ತೆಗೆದು ಒಳಗಿಳೀತೀನಿ. ನೀನು ಮೇಲೆ ನಿಂತ್ಕೊ, ನಾನು ಕೆಳಗಿಂದ ಒಂದೊಂದೇ ಚಂದ್ರಿಕೆ ಕೊಡ್ತೀನಿ."

ಏಣಿ ಹಾಕಿ, ಹೆಂಚು ತೆಗೆದು ಪಕ್ಕಕ್ಕೆ ಪೇರಿಸಿ, ಹೆಂಚಿನಡಿಯ ಒಂದು ರೀಪು ಪಟ್ಟಿಯನ್ನೂ ಕಿತ್ತು, ತೊಲೆ ಹಿಡಿದು ಜೋತುಬಿದ್ದು ಹುಲ್ಲಿನ ಮೇಲೆ ಧುಮುಕಿದೆ. ಈ ವಯಸ್ಸಿನಲ್ಲಿ! ಯಾರಾದರೂ ಚಪ್ಪಾಳೆ ತಟ್ಟಬೇಕಾಗಿತ್ತು. ಎದ್ದು, ಮೈ ಕೊಡವಿ, ಮೊದಲ ಚಂದ್ರಿಕೆಯನ್ನು ಎತ್ತಿ ತೂತಿಗೆ ಹಿಡಿದೆ.

ತೂತು ನನ್ನಷ್ಟಿತ್ತು. ಚಂದ್ರಿಕೆ ಬಾಗಿಲಷ್ಟಿತ್ತು!

ನೆಟ್ಟಗೆ ಹಿಡಿದೆ, ಓರೆಯಾಗಿ ಹಿಡಿದೆ, ಬಗ್ಗಿಸಲು ನೋಡಿದೆ. ಮೇಲಿನಿಂದ ಕೆಂಪಣ್ಣನ ಮುಖ ಚಂದ್ರನ ಹಾಗೆ ಇಣುಕಿತು.

"ಇಳಿಯಾಕೆ ಮುಂಚೆ ಒಸಿ ಅಳತೆ ನೋಡ್ಬಾರ್ದೇನ್ಲಾ?"

"ಮಾತು ಸಾಕು, ನನ್ನ ಮೇಲಕ್ಕೆ ಎಳ್ಕೊ!"

"ಅಯ್ಯೋ, ಜಯಕ್ಕ ಬತ್ತಾವ್ಳೆ! ಡೈರಿಗೆ ಹೊತ್ತಾಯ್ತು, ಬತ್ತೀನಿ ಕಣ್ಲಾ!"

ಚಂದ್ರ ಮುಳುಗಿದ.

ಮಸಿ, ಜೇಡರ ಬಲೆ, ಕತ್ತಲೆ. ಹರಿದ ಚಂದ್ರಿಕೆಗಳ ನಡುವೆ ಕೂತುಬಿಟ್ಟೆ. ಆಚೆ ಹುಳುಗಳು ಜಾಗ ಹುಡುಕುತ್ತಿವೆ, ಈಚೆ ನಾನು. ಷಡ್ಕನ ಮುಖ ಹೋಯಿತು, ಬೀಗದ ಕೈ ಹೋಯಿತು. ಇನ್ನು ಮುಂದೆ ಏನು ಹೋಗುತ್ತದೆ? ಯಾರು ಹೋಗುತ್ತಾರೆ? ಅಷ್ಟರಲ್ಲಿ ಹೊರಗೆ ಮಾತು ಕೇಳಿಸಿತು.

"ಅತ್ತೆ, ಇವ್ರೆಲ್ಲಿ? ಚಂದ್ರಿಕೆ ತರಾಕೋದೋರು ಪತ್ತೇನೇ ಇಲ್ಲ!"

"ಒಳಗವ್ನೆ."

"ಬೀಗ ಹಾಕೈತಲ್ಲತ್ತೆ?"

"ಮ್ಯಾಲಿಂದ ಹೋಗವ್ನೆ."

ಇನ್ನು ಮೀಸೆ ಉಳಿಸಿಕೊಂಡು ಏನು ಪ್ರಯೋಜನ? ಬಾಗಿಲಿಗೆ ಬಾಯಿ ಹಚ್ಚಿ ಹೇಳಿಬಿಟ್ಟೆ: "ಜಯಾ, ಬೀಗದ ಕೈ ಕಳೆದೋಯ್ತು ಕಣೆ. ಬೀಸೋ ಕಲ್ಲಲ್ಲಿ ಇಟ್ಟಂಗೆ ನೆಪ್ಪು, ನೋಡಿದ್ರೆ ಅಲ್ಲಿಲ್ಲ. ನನ್ ತಲೆ ಕೆಟ್ಟೋಯ್ತು. ತಾತನಂಗೇ ಆಗೋಯ್ತು."

ಹೆಜ್ಜೆ ಹೋದ ಸದ್ದು. ಹೆಜ್ಜೆ ಬಂದ ಸದ್ದು. ಬೀಗ 'ಕಟಕ್' ಅಂದಿತು. ಬಾಗಿಲು ತೆರೆಯಿತು. ಜಯಮ್ಮನ ಕೈಯಲ್ಲಿ ಬೀಗದ ಕೈ!

"ಎ... ಎಲ್ಲಿತ್ತು?"

"ಇನ್ನೆಲ್ಲಿರ್ತದೆ? ಮೊಳೇಲಿತ್ತು. ಹೆಣ್ಮಕ್ಳು ಉಣ್ಣಾಕೆ ಮನೆ ಒಳಗೆ ಬತ್ತಾರೆ, ಆ ಸಂತೆ ನೋಡಿದ್ರೆ ನಗ್ತಾರೆ ಅಂತ ಬೆಳಗ್ಗೆ ಎಲ್ಲಾ ಓರಣ ಮಾಡ್ದೆ. ಅದರದರ ಜಾಗಕ್ಕೆ ಇಟ್ಟೆ."

ಹಸುವಿನ ಬಾಯಿಯನ್ನೂ ಬಿಡದೆ ಹುಡುಕಿದ್ದ ನಾನು, ಬೀಗದ ಕೈ ಇರಬೇಕಾದ ಜಾಗದಲ್ಲಿ ಮಾತ್ರ ನೋಡಿರಲಿಲ್ಲ! ನನ್ನ ಆಡಳಿತದಲ್ಲಿ ಯಾವ ಸಾಮಾನೂ ತನ್ನ ಜಾಗದಲ್ಲಿ ಇರುವ ಪದ್ಧತಿಯೇ ಇರಲಿಲ್ಲವಲ್ಲ.

"ನಾನು ಹೇಳಾಕೆ ಬಂದೆ. ಬಾಯಿ ಮುಚ್ಚಿಸ್ದ" ಅಂದಳು ಅವ್ವ.

ಆಮೇಲೆ ನಡೆದದ್ದು ಯುದ್ಧ. ಜಯಮ್ಮ ಸೆರಗು ಕಟ್ಟಿ ನಿಂತಳು, ಹೆಂಗಸರೆಲ್ಲ ಚಂದ್ರಿಕೆ ಹೊತ್ತರು. ಬೆಳೆ ಬಹುಪಾಲು ಉಳಿಯಿತು. ಕಾಯುವ ತಾಳ್ಮೆಯಿಲ್ಲದ ಕೆಲವು ಹುಳುಗಳು ಪೊರಕೆಯಲ್ಲಿ, ಒಂದು ನನ್ನ ಟವೆಲಿನ ಮಡಿಕೆಯಲ್ಲಿ ಸಂಸಾರ ಹೂಡಿದ್ದವು. ಕಟ್ಟದೆ ಬಿಟ್ಟಿದ್ದ ಹರುಕು ಚಂದ್ರಿಕೆಗಳಿಂದ ಹುಳು ಪಟಪಟ ಉದುರಿದಾಗ ಜಯಮ್ಮ ತಿರುಗಿ ನನ್ನನ್ನು ನೋಡಿದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಜಗಲಿಯಲ್ಲಿ ಕೂತಾಗ ನನಗೆ ತಟ್ಟನೆ ಹೊಳೆಯಿತು. "ಅಲ್ಲ ಕಣೆ, ಬೀಗದ ಕೈ ಕಲ್ಲಲ್ಲೇ ಇತ್ತಲ್ಲ! ಅಂದ್ರೆ ನನ್ನ ನೆನಪು ಸರಿಯಾಗೇ ಐತೆ! ಏನೂ ಕೆಟ್ಟಿಲ್ಲ!"

ಎದೆಯ ಮೇಲಿನ ಭಾರ ಇಳಿದು ಮೀಸೆಯ ಮೇಲೆ ಕೈ ಹೋಯಿತು. ಅವ್ವ ಕುಟ್ಟುವುದನ್ನು ನಿಲ್ಲಿಸಿದಳು.

"ನಿಂಗೆ ಯಾವತ್ಲಾ ನೆಪ್ಪಿತ್ತು, ಇವತ್ತು ಕೆಡಾಕೆ? ಇಸ್ಕೂಲಿಗೆ ಹೋಗ್ವಾಗ ಸ್ಲೇಟು ಬುಟ್ಟೋಗ್ತಿದ್ದೆ, ಬರ್ವಾಗ ಚೀಲ ಬುಟ್ಟು ಬತ್ತಿದ್ದೆ. ಮದ್ವೆ ದಿನ ಬಾಸಿಂಗವ ಬಸ್ಸಲ್ಲೇ ಬುಟ್ಟು ಇಳ್ದಿದ್ದೆ. ಆಗ ನಾನು ನೆಪ್ಪು ಮಾಡ್ತಿದ್ದೆ, ಈಗ ಇವ್ಳು ಮಾಡ್ತಾಳೆ."

ಜಯಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು. ದಿನಾ ಬೆಳಗ್ಗೆ ನಾನು ಹೊಸಿಲು ದಾಟುವಾಗ "ಫೋನ್ ತಗಂಡ್ರಾ? ಇವತ್ತು ಆ ಸಾಲಿಗೆ ಗೊಬ್ಬರ ಐತೆ. ಕನಕಪುರದ ಚಿಕ್ಕಮ್ಮನ್ನ ಮಾತಾಡಿಸಿ" ಅಂತ ಹಿಂದಿನಿಂದ ಒಂದು ದನಿ ಬರುತ್ತಿತ್ತು. ಅದು ಅವಳ ವಟವಟ ಅಂತಲೂ, ಆಮೇಲೆ ನಡೆಯುವುದೆಲ್ಲ ನನ್ನ ಜ್ಞಾಪಕಶಕ್ತಿ ಅಂತಲೂ ತಿಳಿದುಕೊಂಡಿದ್ದೆ!

ಈಗ ಡಾಕ್ಟರಮ್ಮ ಹೇಳಿದ ಉಳಿದದ್ದನ್ನೂ ಮಾಡುತ್ತಿದ್ದೇನೆ. ನಡೆಯುತ್ತೇನೆ. ಜನರ ಜೊತೆ ಬೆರೆಯುತ್ತೇನೆ. ಬೈರಾಪಟ್ಟಣಕ್ಕೂ ಹೋಗಿ ಬಂದೆವು. ಷಡ್ಕ ಬಾಗಿಲಲ್ಲೇ ಎದುರಾಗಿ, ಕೈ ಮುಗಿದು, "ತಮ್ದು ಯಾವೂರಾಯ್ತು ಸ್ವಾಮಿ?" ಅಂದರು. ಒಳ್ಳೆಯ ಮನುಷ್ಯ, ನಾನು ಮೊದಲೇ ಹೇಳಿದ್ದೆ. ಹೊಸದು ಕಲಿಯಬೇಕಲ್ಲ, ಅದಕ್ಕೇ ಬರೆಯುವುದನ್ನೂ ಕಲಿಯುತ್ತಿದ್ದೇನೆ. ಇದೇ ಮೊದಲು ಬರೆದದ್ದು.

ಬರೆಯುತ್ತಾ ತಲೆ ಎತ್ತಿದರೆ ಟಿ.ವಿ. ಮೇಲೆ ಒಂದು ಹೆಂಚು ಕೂತಿದೆ. ಹಳೇ ಮನೆಯದು. ನಾನೇ ಏನನ್ನೋ ನೆನಪಿಸಿಕೊಳ್ಳಲು ಇಟ್ಟಿರಬೇಕು. ಹೊರಗೆ ಮೋಡ ಕಪ್ಪಗೆ ಕವಿದಿದೆ, ಹನಿಯೂ ಶುರುವಾಯಿತು. ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ಹೆದರಿಕೆಯೇನಿಲ್ಲ. ಜಯಮ್ಮ ಬರಲಿ, ಕೇಳುತ್ತೇನೆ.