ತುಂಡು ತುಂಡಾಗಿ ಊರಿಗೆ ಹೊರಟ ಬಾಗಿಲು

ಕುಂಟಲಪದವು ಸರಕಾರಿ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಒದಗಿಸುವ ಕಾರ್ಯವನ್ನು ಸೌದಿ ಅರೇಬಿಯಾದ ಹಾಯಿಲ್‌ನಲ್ಲಿರುವ ಆ ಊರಿನವರು ಸಮರೋಪಾದಿಯಲ್ಲಿ ಕೈಗೆತ್ತಿಕೊಂಡಿದ್ದು, ಸದರಿ ಕಾರ್ಯವು ಈಗ ಯಶಸ್ವಿಯಾಗಿ ಮೂರನೆಯ ವರ್ಷಕ್ಕೆ ಕಾಲಿಟ್ಟಿದೆ.

ವಿಷಯವನ್ನು ಮೊದಲು ಎತ್ತಿದವನು ಹಾಯಿಲ್‌ನ ತರಕಾರಿ ಮಾರುಕಟ್ಟೆಯಲ್ಲಿ ಕೆಲಸಕ್ಕಿರುವ ಇಮ್ತಿಯಾಜ್. ಹತ್ತನೆಯವರೆಗೂ ಇರುವ ಆ ಶಾಲೆಯಲ್ಲಿ ಅವನ ಮಗಳು ಜಸ್ನಾ ಆಗ ಐದನೇ ತರಗತಿ. ಶೌಚಾಲಯಕ್ಕೆ ಗೋಡೆಯಿತ್ತು, ನೀರಿತ್ತು, ಉದ್ಘಾಟಿಸಿದವರ ಹೆಸರು ಕೆತ್ತಿದ ಕಲ್ಲೂ ಇತ್ತು, ಬಾಗಿಲೊಂದಿರಲಿಲ್ಲ. ಹಾಗಾಗಿ ಹುಡುಗಿಯರು ಮಧ್ಯಾಹ್ನದ ಬಿಸಿಯೂಟ ಮುಗಿಸಿ ಮನೆಗೆ ಹೋಗಿಬಿಡುತ್ತಿದ್ದರು. ಲೆಕ್ಕದ ಪಾಠ ಇದ್ದದ್ದೇ ಮಧ್ಯಾಹ್ನದ ಮೇಲೆ. ಜಸ್ನಾಳಿಗೋ ಲೆಕ್ಕವೆಂದರೆ ಪ್ರಾಣ. ಹುಡುಗಿ ಏಳನೆಗೆ ಬರುವಷ್ಟರಲ್ಲಿ ಬಾಗಿಲು ಆಗದಿದ್ದರೆ ಮನೆಯಲ್ಲೇ ಕೂರಲಿ ಎಂದು ಇಮ್ತಿಯಾಜನ ತಾಯಿ ಮೈಮೂನಮ್ಮ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ಮೈಮೂನಮ್ಮನ ತೀರ್ಪಿಗೆ ಮೇಲ್ಮನವಿ ಇರುವುದಿಲ್ಲ.

ಒಂದು ಶುಕ್ರವಾರ ಊರಿನವರೆಲ್ಲ ಹಾಯಿಲ್ ಹೊರಗಿನ ಬಾಡಿಗೆ ತೋಟದಮನೆಯೊಂದರಲ್ಲಿ ಸೇರಿ, ಬಿರಿಯಾನಿ ಮುಗಿದ ಮೇಲೆ, ಶಾಲಾ ಸರ್ವಾಂಗೀಣ ಅಭಿವೃದ್ಧಿ ಸಮಿತಿಯನ್ನು ರಚಿಸಿದರು. ಅಧ್ಯಕ್ಷರಾಗಿ ಹಾಯಿಲ್‌ನಲ್ಲೇ ಬಟ್ಟೆ ವ್ಯಾಪಾರಕ್ಕಿರುವ ಭಟ್ಕಳದ ಕಮಾಲುದ್ದೀನ್ ಸಾಹೇಬರು ಆಯ್ಕೆಯಾದರು. ಅವರು ಕುಂಟಲಪದವನ್ನು ಕಂಡವರೇ ಅಲ್ಲವಾದ್ದರಿಂದ ಅವರ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಬಾಗಿಲಿಗೊಂದು ಉಪಸಮಿತಿ, ಚಿಲಕಕ್ಕೆ ಇನ್ನೊಂದು. ಬಾಗಿಲಿನವರು ಚಿಲಕದ ವಿಷಯದಲ್ಲಿ ಕೈಹಾಕತಕ್ಕದ್ದಲ್ಲ ಎಂಬ ನಿಯಮವನ್ನೂ ಅಂದೇ ಅಂಗೀಕರಿಸಲಾಯಿತು.

ಊರಿನ ಆಚಾರಿಗೆ ಒಂದು ಫೋನ್ ಮಾಡಿದರೆ ಈ ವಾರವೇ ಬಾಗಿಲು ಕೂರುತ್ತದಲ್ಲ ಎಂದು ಇಮ್ತಿಯಾಜ್ ಮೆಲ್ಲಗೆ ಸೂಚಿಸಿದ.

"ಊರಲ್ಲೇ ಸಿಗುವ ಬಾಗಿಲು ಕೊಡ್ಲಿಕ್ಕೆ ನಾವು ಗಲ್ಫಿಗೆ ಬರಬೇಕಿತ್ತಾ, ಇಮ್ತಿಯಾಜ್ ಭಾಯ್?" ಎಂದು ಅಧ್ಯಕ್ಷರು ಬೇಸರದಿಂದ ಕೇಳಿದರು.

ಮಾತು ಸರಿಯೇ. ಊರಿನ ಅಂಗಡಿಯಲ್ಲೇ ಸಿಗುವ ಸಾಬೂನನ್ನೂ ಕಂಬಳಿಯನ್ನೂ ಇಲ್ಲಿಂದ ಹೊತ್ತುಕೊಂಡು ಹೋಗುವ ಸಂಪ್ರದಾಯವಿರುವಾಗ ಬಾಗಿಲಿಗೆ ಮಾತ್ರ ಬೇರೆ ಕಾನೂನು ಮಾಡಲಾಗದು. ಹಾಯಿಲ್ ಪೇಟೆಯಲ್ಲಿ ಕೆತ್ತನೆಯ ಬಾಗಿಲೊಂದನ್ನು ಖರೀದಿಸಲಾಯಿತು. ಶೌಚಾಲಯದ ಅಳತೆ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ದೊಡ್ಡದನ್ನೇ ತಂದರು.

ರಜೆಗೆ ಹೋಗುವವರ ಪೆಟ್ಟಿಗೆಯಲ್ಲಿ ಅದು ಹಿಡಿಸಲಿಲ್ಲ. ಕಾರ್ಗೋದಲ್ಲಿ ಕಳಿಸೋಣವೆಂದರೆ, ಆಗ ಊರಿನಲ್ಲಿ ಸನ್ಮಾನ ಮಾಡುವುದು ಯಾರಿಗೆ ಎಂಬ ತಾಂತ್ರಿಕ ತೊಡಕು ಎದುರಾಯಿತು. ಕೊನೆಗೆ ಬಾಗಿಲನ್ನು ಕೊಯ್ದು, ರಜೆಗೆ ಹೋಗುವ ಪ್ರತಿ ಸದಸ್ಯನ ಕೈಯಲ್ಲಿ ಒಂದೊಂದು ತುಂಡು ಕಳಿಸುವುದೆಂದು ತೀರ್ಮಾನವಾಯಿತು.

ಮೊದಲು ಚಿಲಕದ ಉಪಸಮಿತಿಯ ಹಿರಿಯ ಮೂಸಬ್ಬನ ಜೊತೆ ಚಿಲಕ ಹೋಯಿತು. ಶಾಲೆಯಲ್ಲಿ ಶಾಮಿಯಾನ ಹಾಕಿ ಬ್ಯಾಂಡಿನೊಂದಿಗೆ ಅದನ್ನು ಬರಮಾಡಿಕೊಂಡರು. ಮುಖ್ಯೋಪಾಧ್ಯಾಯಿನಿ ಮಾರಿಯಾ ಟೀಚರ್ ಸ್ವಾಗತ ಭಾಷಣ ಮಾಡಿದರು, ಮೂಸಬ್ಬನಿಗೆ ಶಾಲು ಹೊದಿಸಲಾಯಿತು, ಚಿಲಕವನ್ನು ಕಚೇರಿಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ಫೋಟೋ ಊರಿನವರ ವಾಟ್ಸಾಪ್ ಗ್ರೂಪಿಗೆ ಬಂದದ್ದೇ ತಡ, ಮದೀನಾ ಮತ್ತು ರಾಸ್ ಅಲ್ ಖೈರ್‌ನಲ್ಲಿದ್ದ ಊರಿನವರೂ ತಮಗೊಂದು ತುಂಡು ಬೇಕೆಂದು ಶಾಖೆ ತೆರೆದರು. ಒಂದು ತಿಂಗಳು ಬಿಜಾಗರಿ, ಮರುತಿಂಗಳು ಹಲಗೆಯ ಎಡ ಮೂಲೆ. ಪ್ರತಿ ತುಂಡಿಗೂ ಶಾಮಿಯಾನ, ಬ್ಯಾಂಡು, ಶಾಲು ಆಗಿ ಎಲ್ಲವೂ ಕಪಾಟು ಸೇರಿದವು.

ಇಮ್ತಿಯಾಜನಿಗೆ ಸಂಕಟವಾಯಿತು. ತಾನೇ ಊರಲ್ಲೊಂದು ಬಾಗಿಲು ಮಾಡಿಸಿಕೊಡುತ್ತೇನೆಂದು ಮಾರಿಯಾ ಟೀಚರಿಗೆ ಗುಟ್ಟಾಗಿ ಫೋನ್ ಮಾಡಿದ. ಸಮಿತಿಯ ಬಾಗಿಲು ದಾರಿಯಲ್ಲಿರುವಾಗ ಇನ್ನೊಂದನ್ನು ಇಟ್ಟರೆ ದಾನಿಗಳಿಗೆ ಅವಮಾನವಾಗುತ್ತದೆ, ಮೇಲಾಗಿ ಬಾಗಿಲು ಬರುತ್ತಿದೆಯೆಂದು ಇಲಾಖೆಯವರೂ ಬರೆದುಕೊಂಡು ಹೋಗಿದ್ದಾರೆ ಎಂದು ಅವರು ವಿನಯದಿಂದ ತಿಳಿಸಿದರು.

ಅಷ್ಟರಲ್ಲಿ ಜಸ್ನಾ ಏಳನೆಗೆ ಬಂದಳು. ಇಮ್ತಿಯಾಜ್ ಹೆದರುತ್ತಲೇ ಮನೆಗೆ ಫೋನ್ ಮಾಡಿದರೆ ಮಗಳ ದನಿ ಗೆಲುವಾಗಿತ್ತು. ಸಮಾರಂಭದ ದಿನ ಅತಿಥಿಗಳಿಗೆಂದು ಶಾಮಿಯಾನದವರು ಗಾಡಿಯ ಮೇಲೊಂದು ಶೌಚಾಲಯ ತರುತ್ತಾರಂತೆ. ಅದಕ್ಕೆ ಒಳ್ಳೆಯ ಬಾಗಿಲುಂಟಂತೆ. ಅತಿಥಿಗಳು ಬರುವಾಗ ಹೇಗೂ ಸಂಜೆಯಾಗುವುದರಿಂದ, ಕಾಯುವ ಹೊತ್ತಿನಲ್ಲಿ ಮಾರಿಯಾ ಟೀಚರ್ ಲೆಕ್ಕದ ಪಾಠ ಮಾಡಿಬಿಡುತ್ತಾರಂತೆ. ಆ ದಿನಗಳಲ್ಲಿ ಮಾತ್ರ ಅವಳು ಶಾಲೆಗೆ ಹೋಗಲು ಮೈಮೂನಮ್ಮ ಒಪ್ಪಿದ್ದಾರಂತೆ.

"ಉಪ್ಪ, ಬಾಗಿಲು ಇನ್ನು ಎಷ್ಟು ಬಾಕಿ ಉಂಟು?"

"ಅರ್ಧದಷ್ಟು ಉಂಟು ಮಗಳೇ."

"ಅದನ್ನು ಸಣ್ಣ ಸಣ್ಣ ತುಂಡು ಮಾಡ್ಲಿಕ್ಕೆ ಹೇಳಿ. ವಾರಕ್ಕೆ ಒಂದಾದ್ರೂ ಬರಲಿ."

ಇಮ್ತಿಯಾಜನಿಗೆ ಅಳುವೂ ಬಂತು, ನಗುವೂ ಬಂತು. ಮುಂದಿನ ಶುಕ್ರವಾರದ ಸಭೆಯಲ್ಲಿ ಅವನು ಎದ್ದುನಿಂತು, ಉಳಿದ ಬಾಗಿಲನ್ನು ಇನ್ನೂ ಚಿಕ್ಕದಾಗಿ ಕೊಯ್ಯಬೇಕು, ಸ್ಕ್ರೂಗಳನ್ನು ಒಂದೊಂದಾಗಿಯೇ ಕಳಿಸಬೇಕು ಎಂದು ಠರಾವು ಮಂಡಿಸಿದ. ಇದರಿಂದ ಹೆಚ್ಚು ಜನರಿಗೆ ಸೇವೆಯ ಅವಕಾಶ ಸಿಗುವುದೆಂದು ಸಭೆ ಹರ್ಷ ವ್ಯಕ್ತಪಡಿಸಿತು. ಸದಸ್ಯರ ರಜೆ ಸಾಲದಿದ್ದಲ್ಲಿ ನೆರೆಯೂರಿನವರ ಕೈಯಲ್ಲೂ ಕಳಿಸಬಹುದೆಂದು ನಿಯಮಕ್ಕೆ ತಿದ್ದುಪಡಿಯಾಯಿತು.

"ಒಟ್ಟು ಎಷ್ಟು ತುಂಡು ಮಾಡುವುದು ಮಾರಾಯ?" ಎಂದು ಬಾಗಿಲಿನ ಉಪಸಮಿತಿಯ ಹಾರಿಸ್ ಗರಗಸ ಹಿಡಿದುಕೊಂಡು ಕೇಳಿದ.

"ಹತ್ತನೇ ಕ್ಲಾಸ್ ಮುಗಿಯುವವರೆಗೆ ಸಾಕಾಗುವಷ್ಟು" ಎಂದ ಇಮ್ತಿಯಾಜ್.

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅಧ್ಯಕ್ಷರು ತಾವೇ ಎದ್ದು ಬಂದು ಇಮ್ತಿಯಾಜನಿಗೆ ಶಾಲು ಹೊದಿಸಿದರು, ಹಾರಿಸ್ ಕೊಯ್ಯಲು ಶುರುಮಾಡಿದ.