ಗೌರಿಯ ಕಿವಿಯ ನಂಬರು

“ನೋಡಪ್ಪಾ, ನಮ್ಮ ಹಸ ಕಂದು ಬಣ್ಣದ್ದು. ಹಣೆ ಮೇಲೆ ಬಿಳಿ ಬೊಟ್ಟು ಅದೆ, ನಾನಿಟ್ಟಿದ್ದಲ್ಲ, ಹುಟ್ಟಿದಾಗ್ಲಿಂದ ಇರೋದು. ಹೆಸರು ಗೌರಿ. ತಂಗಿಗೆ ಮಂಡಿ ಆಪರೇಷನ್ ಆಯ್ತು ಅಂತ ಹೊಸಕೋಟೇಲಿ ಒಂದ್ ತಿಂಗಳಿದ್ದು ನೆನ್ನೆ ರಾತ್ರಿ ಬಂದೆ. ಬೆಳಿಗ್ಗೆ ಹಾಲು ಕರೆಯೋಕೆ ಕೂತ್ರೆ ಕೊಟ್ಟಿಗೇಲಿರೋದು ಒದ್ದುಬಿಡ್ತು. ನಮ್ಮ ಗೌರಿ ಒದೆಯೋ ಪೈಕಿ ಅಲ್ಲ. ಪಕ್ಕದ ಮನೆ ಅಶ್ವತ್ಥಮ್ಮನ ಹಸೂನೂ ಕಂದೇಯ. ಅದಲುಬದಲಾಗಿಬಿಟ್ಟದಾ, ನೋಡಿ ಹೇಳಪ್ಪಾ. ಅವಸರ ಇಲ್ಲ, ಉಂಡ್ಕೊಂಡೇ ಹೇಳು.”

ಬೂದಿಗೆರೆಯ ಅಮ್ಮಯಮ್ಮ ಸೊಸೆಯ ಫೋನಿಗೆ ಹೀಗೆ ಅರಿಕೆ ಮಾಡಿಕೊಂಡಳು. ಭಾನುವಾರವೆಂದು ದೇವನಹಳ್ಳಿಯಿಂದ ಬಂದಿದ್ದ ಸೊಸೆ ರಮ್ಯ, ದನಗಳ ವಿವರ ಹುಡುಕುವ ಆಪ್ ತೆರೆದು ಮುಂದೆ ಹಿಡಿದಿದ್ದಳು. ಇಷ್ಟುದ್ದದ ಗೋಪುರಾಣವನ್ನು ನುಂಗಿದ ಫೋನು ಗರಗರ ತಿರುಗಿ, ‘ಯಾವ ಮಾಹಿತಿಯೂ ಸಿಗಲಿಲ್ಲ’ ಎಂದಿತು.

ಕಿವಿಯಲ್ಲಿರುವ ಹಳದಿ ಬಿಲ್ಲೆಯ ನಂಬರು ಹಾಕಿದರೆ ಮಾಲೀಕರ ಹೆಸರೇ ಬರುತ್ತದೆ ಎಂದಳು ರಮ್ಯ. ಜಗಲಿಯ ಮೇಲಿದ್ದ ಅಮ್ಮಯಮ್ಮನ ಗಂಡ ಗಂಗಣ್ಣ ದಡಬಡಿಸಿ ಎದ್ದು ನಿಂತ.

ಹಸು ಬದಲಾಗಿದೆ ಎಂಬ ಹೆಂಡತಿಯ ಮಹಾಸಂಶೋಧನೆಗೆ ಬೆಳಗಿನಿಂದ ತಾಳ ಹಾಕುತ್ತಿದ್ದವನು ಅವನೇ. (ನಮ್ಮನಿಮ್ಮಲ್ಲೇ ಇರಲಿ, ಹಸು ಬದಲಾಗಿರಲಿಲ್ಲ.) ತನ್ನ ಕೈಗೆ ಹಸು ಹಾಲಿಳಿಸುವುದಿಲ್ಲ ಎಂದು ಮದುವೆಯಾದಾಗಿನಿಂದ ಸಾಧಿಸಿಕೊಂಡು ಬಂದ ಪುಣ್ಯಾತ್ಮ, ದಿನಾ ಬೆಳಿಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ದೇಶ ಆಳುತ್ತಿದ್ದ. ಹೆಂಡತಿ ಇಲ್ಲದಾಗ ಹಾಲು ಕರೆಯಲೆಂದು ಗೊತ್ತುಮಾಡಿದ್ದ ಭೀಮರಾಜ್ ಎರಡೇ ದಿನಕ್ಕೆ ಕೈಕೊಟ್ಟ. ಗಂಗಣ್ಣ ಬಾಗಿಲು ಮುಂದೆ ಮಾಡಿಕೊಂಡು ತಾನೇ ಕರೆದ. ದಿನಕ್ಕೊಂದು ಬೆಲ್ಲದಚ್ಚು ತಿನ್ನಿಸಿ ಗೌರಿಯನ್ನು ಎಷ್ಟು ಒಲಿಸಿಕೊಂಡನೆಂದರೆ, ಈಗ ಅದಕ್ಕೆ ಬೇರೆಯವರ ಕೈಯೇ ಬೇಡ. ಹಸು ತಮ್ಮದೇ ಎಂದು ನಂಬರು ಹೇಳಿದರೆ ಹೆಂಡತಿ ಒದೆಯ ಕಾರಣ ಹುಡುಕುತ್ತಾಳೆ; ವಿಷಯ ಹೊರಬಿದ್ದರೆ ಬೆಂಚಿನ ಆಳ್ವಿಕೆ ಅಂದಿಗೇ ಮುಗಿಯುತ್ತದೆ.

“ಬಿಲ್ಲೆ ಮೇಲೆಲ್ಲ ಸಂಕ್ರಾಂತಿ ಬಣ್ಣ ಕೂತದೆ. ಅದೆಲ್ಲಿ ಓದೋಕಾಗುತ್ತೆ?” ಎಂದ.

ಅಮ್ಮಯಮ್ಮ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಂದು, ತನ್ನನ್ನಂತೂ ಹತ್ತಿರ ಸೇರಿಸುವುದಿಲ್ಲ, ನೀವೇ ಒರೆಸಿ ಎಂದು ಕೈಗಿಟ್ಟಳು.

ಗಂಗಣ್ಣನಿಗೆ ತಟ್ಟನೆ ಧೈರ್ಯ ಬಂತು. ಒಂದೇ ಒಂದು ಒದೆ ಬಿದ್ದರೆ ಸಾಕು, ಮಾನ ಉಳಿಯಿತು! ಕೊಟ್ಟಿಗೆಗೆ ಹೋಗಿ ಬೇಕೆಂದೇ ಗೌರಿಯ ಹಿಂಗಾಲಿನ ಪಕ್ಕ ನಿಂತು, ‘ಒದಿ ತಾಯೀ, ಒದ್ದು ಕಾಪಾಡು’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ತೊಡೆಯನ್ನೂ ಅನುಕೂಲವಾಗಿ ಮುಂದೆ ಚಾಚಿದ.

ಗೌರಿ ತಿರುಗಿ ನೋಡಿತು. ಅಂಬಾ ಎಂದು ಅವನ ಕಂಕುಳಿಗೆ ಮೂತಿ ತುರುಕಿ, ಬೆಲ್ಲ ಇಡುತ್ತಿದ್ದ ಜೇಬನ್ನು ನೆಕ್ಕಿತು. ಬೆಳಗಿನಿಂದ ಬಿಗಿದಿದ್ದ ಕೆಚ್ಚಲಿನಿಂದ ಹಾಲು ತಾನಾಗಿಯೇ ತೊಟತೊಟನೆ ಸುರಿಯತೊಡಗಿತು. ಅದು ಕಿವಿಯನ್ನೂ ಅವನ ಕೈಗೇ ಒಡ್ಡಿತು. ಬಣ್ಣ ಹೋಯಿತು, ನಂಬರು ಬಂತು. ರಮ್ಯ ಒತ್ತಿದ ಮರುಗಳಿಗೆಗೆ ಪರದೆಯ ಮೇಲೆ ಮಾಲೀಕರ ಹೆಸರೂ ಮೂಡಿತು: ಅಮ್ಮಯಮ್ಮ, ಬೂದಿಗೆರೆ.

ಅಮ್ಮಯಮ್ಮನ ಕಣ್ಣು ಪರದೆಯ ಮೇಲಿರಲಿಲ್ಲ. ಹಾಲಿನ ಮೇಲಿತ್ತು. ಅಲ್ಲಿಂದ ಮೆಲ್ಲಗೆ ಗಂಡನ ಜೇಬಿಗೆ ಏರಿತು.

“ಹಸ ನಮ್ದೇ ಕಣಮ್ಮ,” ಎಂದಳು ಸೊಸೆಗೆ. “ಬದ್ಲಾಗಿರೋದು ನಿಮ್ಮ ಮಾವ. ಅವರ ನಂಬರೂ ಒಂದ್ಸಲ ಹಾಕಿ ನೋಡು.”

ಮರುದಿನ ಬೆಳಿಗ್ಗೆ ಟೀ ಅಂಗಡಿಯ ಬೆಂಚು ಖಾಲಿ ಇತ್ತು. ಅಮ್ಮಯಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಕಾಫಿ ಹೀರುತ್ತಿದ್ದಳು. ಗಂಗಣ್ಣ ಕೆಚ್ಚಲು ತೊಳೆದು, ಬೆರಳಿಗೆ ಹರಳೆಣ್ಣೆ ಸವರಿ, ತಂಬಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಹಾಲು ಕರೆಯತೊಡಗಿದ.